ಆಯತಾಕಾರದ ವಿಂಡೋ ಬಳಸುವ ಕ್ರಮ: ಸಂಕೇತವನ್ನು ಎಲ್ಲಿ ಕತ್ತರಿಸಬೇಕು?

"ನಾನು ಯಾವ ವಿಂಡೋವನ್ನೂ ಹಾಕಿಲ್ಲ, ನೇರವಾಗಿ ಎಫ್‌ಎಫ್‌ಟಿ ಮಾಡಿದ್ದೇನೆ" ಎಂಬ ಮಾತನ್ನು ಡಿಜಿಟಲ್ ಸಂಕೇತ ಸಂಸ್ಕರಣೆಯ ಕೆಲಸದಲ್ಲಿ ಆಗಾಗ ಕೇಳುತ್ತೇವೆ. ಎಫ್‌ಎಫ್‌ಟಿ ಎಂದರೆ ಸಂಕೇತದಲ್ಲಿ ಯಾವ ಆವೃತ್ತಿ ಎಷ್ಟಿದೆ ಎಂದು ತೋರಿಸುವ ಡಿಎಫ್‌ಟಿ (ಡಿಸ್ಕ್ರೀಟ್ ಫೂರಿಯೆ ಪರಿವರ್ತನೆ) ಎಂಬ ಲೆಕ್ಕವನ್ನು ವೇಗವಾಗಿ ಮಾಡುವ ವಿಧಾನ. ಆದರೆ ಯಾವ ವಿಂಡೋವನ್ನೂ ಹಾಕದೆ ಅದನ್ನು ಮಾಡುವುದು ಸಾಧ್ಯವೇ ಇಲ್ಲ. ನಿಲ್ಲದೆ ಹರಿಯುತ್ತಿರುವ ಸಂಕೇತದಿಂದ 1,000 ಸ್ಯಾಂಪಲ್‌ಗಳನ್ನು (ಸಮಾನ ಅಂತರದಲ್ಲಿ ತೆಗೆದ ಅಳತೆಗಳನ್ನು) ಎತ್ತಿಕೊಂಡ ಕ್ಷಣವೇ ಆ 1,000 ಸ್ಯಾಂಪಲ್‌ಗಳನ್ನು 1ರಿಂದಲೂ, ಅವುಗಳ ಹಿಂದೆ ಮುಂದೆ ಇದ್ದ ಎಲ್ಲವನ್ನೂ 0ಯಿಂದಲೂ ಗುಣಿಸಿದಂತಾಗುತ್ತದೆ. ಆ 1 ಮತ್ತು 0ಗಳ ಸಾಲಿಗೇ ಆಯತಾಕಾರದ ವಿಂಡೋ ಎಂದು ಹೆಸರು. ಬಾಕ್ಸ್‌ಕಾರ್ ವಿಂಡೋ, ಡಿರಿಕ್ಲೆ ವಿಂಡೋ ಎಂಬ ಹೆಸರುಗಳೂ ಇದಕ್ಕಿವೆ. ಹೀಗಾಗಿ ನಮ್ಮ ಮುಂದಿರುವುದು ವಿಂಡೋ ಹಾಕಬೇಕೇ ಬೇಡವೇ ಎಂಬ ಪ್ರಶ್ನೆಯಲ್ಲ; ಅರಿವಿಲ್ಲದೆ ಹಾಕಿದ ಈ ವಿಂಡೋವನ್ನು ಅರಿತು ಹಾಕುವುದು ಹೇಗೆ ಎಂಬ ಪ್ರಶ್ನೆ. ಅರಿತು ಬಳಸಿದರೆ ಇದರಷ್ಟು ನಿಖರವಾದ ವಿಂಡೋ ಬೇರೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಆ ನಿಖರತೆಯು ಬಹುಮಟ್ಟಿಗೆ ಒಂದೇ ನಿರ್ಧಾರವನ್ನು, ಅಂದರೆ ಎಷ್ಟು ಉದ್ದಕ್ಕೆ ಕತ್ತರಿಸುತ್ತೇವೆ ಎಂಬುದನ್ನು, ಅವಲಂಬಿಸಿದೆ.

ಮೊದಲು ಅದರ ರೋಹಿತದ ಆಕಾರ

ಕಾಲದ ನೆಲೆಯಲ್ಲಿ ಎರಡು ಸಾಲುಗಳನ್ನು ಗುಣಿಸಿದಾಗ ಆವೃತ್ತಿಯ ನೆಲೆಯಲ್ಲಿ ಅವುಗಳ ರೋಹಿತಗಳು (ಯಾವ ಆವೃತ್ತಿ ಎಷ್ಟಿದೆ ಎಂಬ ಚಿತ್ರಗಳು) ಕನ್ವಲ್ಯೂಷನ್ ಆಗುತ್ತವೆ, ಅಂದರೆ ಒಂದರ ಆಕಾರ ಇನ್ನೊಂದರ ಪ್ರತಿ ಬಿಂದುವಿನ ಮೇಲೂ ಹರಡಿಕೊಳ್ಳುತ್ತದೆ. ಆದ್ದರಿಂದ ಸಂಕೇತದಲ್ಲಿರುವ ಪ್ರತಿಯೊಂದು ಶುದ್ಧ ಸೈನ್ ತರಂಗವೂ ರೋಹಿತದಲ್ಲಿ ತೆಳುವಾದ ಒಂದು ಗೆರೆಯಾಗಿ ಕಾಣಿಸದೆ ವಿಂಡೋದ ರೋಹಿತದ ಆಕಾರವನ್ನೇ ತಳೆದು ಕಾಣಿಸುತ್ತದೆ. ಎನ್ ಸ್ಯಾಂಪಲ್‌ಗಳ ಆಯತಾಕಾರದ ವಿಂಡೋದ ರೋಹಿತದ ಪರಿಮಾಣವನ್ನು ಪಡೆಯಲು, ಕೋನೀಯ ಆವೃತ್ತಿಯ ಅರ್ಧವನ್ನು ಎನ್‌ನಿಂದ ಗುಣಿಸಿ ಅದರ ಸೈನ್ ಬೆಲೆಯನ್ನು ತೆಗೆದುಕೊಂಡು, ಅದನ್ನು ಕೋನೀಯ ಆವೃತ್ತಿಯ ಅರ್ಧದ ಸೈನ್ ಬೆಲೆಯಿಂದ ಭಾಗಿಸಬೇಕು. ಫೂರಿಯೆ ಶ್ರೇಣಿಯ ಒಮ್ಮುಖತೆಯನ್ನು 1829ರಲ್ಲಿ ಅಧ್ಯಯನ ಮಾಡಿದ ಗಣಿತಜ್ಞ ಡಿರಿಕ್ಲೆಯ ನೆನಪಿಗೆ ಇದನ್ನು ಡಿರಿಕ್ಲೆ ಕರ್ನಲ್ ಎನ್ನುತ್ತಾರೆ.

ಈ ಆಕಾರವನ್ನು ಬಿನ್‌ಗಳ ಲೆಕ್ಕದಲ್ಲಿ ನೆನಪಿಟ್ಟುಕೊಳ್ಳುವುದು ಸುಲಭ. ಬಿನ್ ಎಂದರೆ ಡಿಎಫ್‌ಟಿ ರೋಹಿತವನ್ನು ಓದುವ ಒಂದೊಂದು ಆವೃತ್ತಿಯ ಸ್ಥಾನ; ಒಂದು ಬಿನ್ ದೂರ ಎಂದರೆ ಸ್ಯಾಂಪಲಿಂಗ್ ದರವನ್ನು (ಸೆಕೆಂಡಿಗೆ ತೆಗೆಯುವ ಸ್ಯಾಂಪಲ್‌ಗಳ ಸಂಖ್ಯೆಯನ್ನು) ಎನ್‌ನಿಂದ ಭಾಗಿಸಿದಾಗ ಸಿಗುವ ಅಂತರ. ಮುಖ್ಯ ಲೋಬ್‌ನ (ನಡುವಿನ ದೊಡ್ಡ ದಿಬ್ಬದ) ಅಗಲ, ಒಂದು ಸೊನ್ನೆಯಿಂದ ಇನ್ನೊಂದು ಸೊನ್ನೆಯವರೆಗೆ, 2 ಬಿನ್‌ಗಳು. ಶಿಖರದಿಂದ 3 ಡೆಸಿಬೆಲ್ ಇಳಿಯುವಲ್ಲಿ ಅದರ ಅಗಲ 0.89 ಬಿನ್, 6 ಡೆಸಿಬೆಲ್ ಇಳಿಯುವಲ್ಲಿ 1.21 ಬಿನ್. ಮೊದಲ ಪಕ್ಕದ ಲೋಬ್ ಮುಖ್ಯ ಶಿಖರಕ್ಕಿಂತ ಕೇವಲ 13.3 ಡೆಸಿಬೆಲ್ ಕೆಳಗಿರುತ್ತದೆ, ಮತ್ತು ಅಲ್ಲಿಂದಾಚೆಯ ಲೋಬ್‌ಗಳು ಆವೃತ್ತಿಯ ಅಂತರ ಇಮ್ಮಡಿಯಾದಂತೆಲ್ಲ 6 ಡೆಸಿಬೆಲ್‌ನಷ್ಟು ಮಾತ್ರ ಇಳಿಯುತ್ತವೆ. ಹೋಲಿಕೆಗೆ, ಎರಡು ತುದಿಗಳಲ್ಲಿ ನಿಧಾನವಾಗಿ ಸೊನ್ನೆಗೆ ಇಳಿಯುವ ಹ್ಯಾನ್ ವಿಂಡೋವನ್ನು ತೆಗೆದುಕೊಂಡರೆ ಅದರ ಮುಖ್ಯ ಲೋಬ್ 4 ಬಿನ್ ಅಗಲವಿದ್ದು, ಮೊದಲ ಪಕ್ಕದ ಲೋಬ್ ಸುಮಾರು 31.5 ಡೆಸಿಬೆಲ್ ಕೆಳಗಿರುತ್ತದೆ ಮತ್ತು ಇಳಿಕೆ 18 ಡೆಸಿಬೆಲ್‌ನಂತೆ ಸಾಗುತ್ತದೆ. ವಿಂಡೋಗಳನ್ನು ಹೀಗೆ ಅಂಕಿಗಳಿಂದ ಹೋಲಿಸುವ ಪರಿಪಾಠ ಗಟ್ಟಿಯಾಗಿ ನೆಲೆಯೂರಿದ್ದು ಫ್ರೆಡ್ರಿಕ್ ಹ್ಯಾರಿಸ್ ಅವರು 1978ರಲ್ಲಿ ಪ್ರಕಟಿಸಿದ ಪ್ರಬಂಧದ ನಂತರ.

ಇಷ್ಟನ್ನು ನೋಡಿದವರು ಪಕ್ಕದ ಲೋಬ್‌ಗಳ ಎತ್ತರಕ್ಕೆ ಹೆದರಿ ಆಯತಾಕಾರದ ವಿಂಡೋವನ್ನು ಬದಿಗೆ ಸರಿಸುವುದು ಸಾಮಾನ್ಯ. ಆದರೆ ಆ ಲೋಬ್‌ಗಳ ನಡುವಿನ ಸೊನ್ನೆಗಳನ್ನು ಅವರು ಗಮನಿಸಿರುವುದಿಲ್ಲ. ಶಿಖರದಿಂದ 1, 2, 3 ಹೀಗೆ ಪ್ರತಿ ಪೂರ್ಣ ಬಿನ್ ದೂರದಲ್ಲಿಯೂ ಡಿರಿಕ್ಲೆ ಕರ್ನಲ್‌ನ ಬೆಲೆ ಖಚಿತವಾಗಿ ಸೊನ್ನೆ, ಮತ್ತು ಡಿಎಫ್‌ಟಿ ರೋಹಿತವನ್ನು ನೋಡುವುದು ಪೂರ್ಣ ಬಿನ್‌ಗಳಲ್ಲಿ ಮಾತ್ರ. ತರಂಗದ ಆವೃತ್ತಿ ಒಂದು ಬಿನ್‌ನ ಮೇಲೆ ಸರಿಯಾಗಿ ಕುಳಿತರೆ ಉಳಿದೆಲ್ಲ ಬಿನ್‌ಗಳಿಗೆ ಅದು ಕಾಣಿಸುವುದೇ ಇಲ್ಲ. ಪಕ್ಕದ ಲೋಬ್‌ಗಳು ಇದ್ದರೂ ನಾವು ಅವುಗಳ ಸೊನ್ನೆಗಳನ್ನಷ್ಟೇ ಓದುತ್ತಿರುತ್ತೇವೆ. ಮುಂದಿನ ಹಂತಗಳೆಲ್ಲ ಈ ಒಂದು ಗುಣವನ್ನು ಆಧರಿಸಿವೆ.

ಹಂತ 1: ನಿಮ್ಮ ಸಂಕೇತಕ್ಕೆ ಇದು ಹೊಂದುತ್ತದೆಯೇ ಎಂದು ನೋಡಿ

ನಾಲ್ಕು ಬಗೆಯ ಸಂಕೇತಗಳಿಗೆ ಆಯತಾಕಾರದ ವಿಂಡೋ ಹಿಂಜರಿಕೆಯಿಲ್ಲದೆ ಒಪ್ಪುತ್ತದೆ.

ಮೊದಲನೆಯದು, ಆವರ್ತ ಕಾಲ ಗೊತ್ತಿರುವ ಮತ್ತು ಪೂರ್ಣ ಸಂಖ್ಯೆಯ ಆವರ್ತಗಳನ್ನು ಕತ್ತರಿಸಿಕೊಳ್ಳಲು ಸಾಧ್ಯವಿರುವ ಸಂಕೇತ. ವಿದ್ಯುತ್ ಜಾಲದ ಹಾರ್ಮೋನಿಕ್‌ಗಳ (ಮೂಲ ಆವೃತ್ತಿಯ 2, 3, 4 ಪಟ್ಟು ಹೀಗೆ ಇರುವ ಆವೃತ್ತಿಗಳ) ಅಳತೆ ಇದಕ್ಕೆ ಒಳ್ಳೆಯ ನಿದರ್ಶನ. ಐಇಸಿ 61000-4-7 ಮಾನದಂಡವು 50 ಹರ್ಟ್ಸ್ ಜಾಲದಲ್ಲಿ 10 ಆವರ್ತಗಳನ್ನೂ 60 ಹರ್ಟ್ಸ್ ಜಾಲದಲ್ಲಿ 12 ಆವರ್ತಗಳನ್ನೂ, ಅಂದರೆ ಎರಡೂ ಕಡೆ ಸುಮಾರು 200 ಮಿಲಿಸೆಕೆಂಡ್ ಉದ್ದವನ್ನು, ಜಾಲದ ಆವೃತ್ತಿಗೆ ಹೊಂದಿಸಿಕೊಂಡು ಆಯತಾಕಾರದ ವಿಂಡೋದಿಂದಲೇ ಕತ್ತರಿಸಲು ಹೇಳುತ್ತದೆ. ಆಗ ಬಿನ್‌ಗಳ ಅಂತರ 5 ಹರ್ಟ್ಸ್ ಆಗಿ, ಎಲ್ಲ ಹಾರ್ಮೋನಿಕ್‌ಗಳೂ ಬಿನ್‌ಗಳ ಮೇಲೆಯೇ ಕೂರುತ್ತವೆ.

ಎರಡನೆಯದು, ವಿಂಡೋದ ಒಳಗೇ ಹುಟ್ಟಿ ಒಳಗೇ ಅಡಗುವ ಸಂಕೇತ. ಸುತ್ತಿಗೆಯಿಂದ ತಟ್ಟಿದ ಲೋಹದ ತುಂಡಿನ ಕಂಪನವು ದಾಖಲೆ ಮುಗಿಯುವ ಮೊದಲೇ ಸೊನ್ನೆಗೆ ಇಳಿದಿದ್ದರೆ, ಎರಡು ತುದಿಗಳಲ್ಲಿ ಕತ್ತರಿಸಲು ಏನೂ ಉಳಿದಿರುವುದಿಲ್ಲ. ಇಂಥ ಸಂಕೇತಕ್ಕೆ ಹ್ಯಾನ್ ವಿಂಡೋ ಹಾಕಿದರೆ ಆರಂಭದ ಬಲವಾದ ಭಾಗವೇ ಅಳಿಸಿಹೋಗುತ್ತದೆ. ಅದು ಲಾಭಕ್ಕಿಂತ ಹಾನಿಯನ್ನೇ ಹೆಚ್ಚು ಮಾಡುತ್ತದೆ.

ಮೂರನೆಯದು, ಬಿಳಿ ಗದ್ದಲದಲ್ಲಿ (ಎಲ್ಲ ಆವೃತ್ತಿಗಳಲ್ಲಿಯೂ ಸಮನಾಗಿ ಹರಡಿದ ಗದ್ದಲದಲ್ಲಿ) ಹುದುಗಿರುವ ಒಂದೇ ಒಂದು ಸೈನ್ ತರಂಗ. ಆಯತಾಕಾರದ ವಿಂಡೋದ ಸಮಾನ ಗದ್ದಲ ಬ್ಯಾಂಡ್‌ವಿಡ್ತ್, ಅಂದರೆ ಪ್ರತಿ ಬಿನ್‌ನ ಓದಿನೊಳಗೆ ಗದ್ದಲ ನುಗ್ಗುವ ಪಟ್ಟಿಯ ಅಗಲ, 1.00 ಬಿನ್, ಯಾವ ವಿಂಡೋದಲ್ಲಿಯೂ ಇದಕ್ಕಿಂತ ಕಡಿಮೆ ಸಿಗುವುದಿಲ್ಲ. ಹ್ಯಾನ್ ವಿಂಡೋದಲ್ಲಿ ಅದು 1.50 ಬಿನ್, ಅಂದರೆ ಸಂಕೇತ ಮತ್ತು ಗದ್ದಲದ ಅನುಪಾತದಲ್ಲಿ 1.76 ಡೆಸಿಬೆಲ್ ನಷ್ಟ. ಕಷ್ಟಪಟ್ಟು ಸಂಗ್ರಹಿಸಿದ ಸ್ಯಾಂಪಲ್‌ಗಳಲ್ಲಿ ಒಂದನ್ನೂ ಕುಗ್ಗಿಸದೆ ಎಲ್ಲವನ್ನೂ ಸಮಾನ ತೂಕದಲ್ಲಿ ಬಳಸಿಕೊಳ್ಳುವುದೇ ಈ ಲಾಭದ ಮೂಲ.

ನಾಲ್ಕನೆಯದು, ನಾವೇ ರಚಿಸಿ ಕಳುಹಿಸುವ ಸಂಕೇತ. ಎಲ್‌ಟಿಇ ಮೊಬೈಲ್ ಜಾಲದಲ್ಲಿ ಬಳಸುವ ಒಎಫ್‌ಡಿಎಂ ವಿಧಾನವು, ಅಂದರೆ ಮಾಹಿತಿಯನ್ನು ಉಪವಾಹಕಗಳೆಂಬ ಅನೇಕ ಹತ್ತಿರದ ಆವೃತ್ತಿಗಳ ಮೇಲೆ ಹಂಚಿ ಕಳುಹಿಸುವ ಕ್ರಮವು, ಡಿರಿಕ್ಲೆ ಕರ್ನಲ್‌ನ ಸೊನ್ನೆಗಳ ಮೇಲೆಯೇ ನಿಂತಿದೆ. ಅಲ್ಲಿ ಉಪವಾಹಕಗಳ ಅಂತರ 15 ಕಿಲೋಹರ್ಟ್ಸ್, ಸಂಜ್ಞೆಯ ಉಪಯುಕ್ತ ಕಾಲ ಅದರ ವಿಲೋಮವಾದ 66.7 ಮೈಕ್ರೋಸೆಕೆಂಡ್, ಹಾಗಾಗಿ ಒಂದು ಉಪವಾಹಕದ ಶಿಖರವಿರುವಲ್ಲಿ ಮಿಕ್ಕೆಲ್ಲವುಗಳ ಬೆಲೆ ಸೊನ್ನೆಯಾಗಿದ್ದು, ರೋಹಿತಗಳು ಒಂದರ ಮೇಲೊಂದು ಹರಡಿಕೊಂಡಿದ್ದರೂ ಪರಸ್ಪರ ಕದಡುವುದಿಲ್ಲ.

ಈ ನಾಲ್ಕರಲ್ಲಿ ಯಾವುದಕ್ಕೂ ಸೇರದ, ಆವೃತ್ತಿಗಳು ಗೊತ್ತಿಲ್ಲದ, ದೊಡ್ಡ ತರಂಗದ ಬಳಿ ಸಣ್ಣ ತರಂಗವನ್ನು ಹುಡುಕಬೇಕಾದ ಸಂದರ್ಭದಲ್ಲಿ ಈ ವಿಂಡೋವನ್ನು ಬಿಟ್ಟುಬಿಡುವುದು ಒಳ್ಳೆಯದು. ಅದರ ಲೆಕ್ಕವನ್ನು ಮುಂದೆ ಕೊಟ್ಟಿದ್ದೇನೆ.

ಹಂತ 2: ಉದ್ದವನ್ನು ಲೆಕ್ಕ ಹಾಕಿ

ಕತ್ತರಿಸುವ ಉದ್ದವನ್ನು 1,024 ಅಥವಾ 4,096 ಎಂದು ಅಭ್ಯಾಸಬಲದಿಂದ ಆರಿಸುವುದೇ ಹೆಚ್ಚಿನ ತಪ್ಪುಗಳಿಗೆ ಮೂಲ. ಸಂಕೇತದ ಆವೃತ್ತಿಯನ್ನು ಉದ್ದದಿಂದ ಗುಣಿಸಿ ಸ್ಯಾಂಪಲಿಂಗ್ ದರದಿಂದ ಭಾಗಿಸಿದಾಗ ವಿಂಡೋದೊಳಗೆ ಬೀಳುವ ಆವರ್ತಗಳ ಸಂಖ್ಯೆ ಸಿಗುತ್ತದೆ. ಅದು ಪೂರ್ಣಾಂಕವಾಗಿರಬೇಕು ಎಂಬುದೇ ನಿಯಮ.

ಸ್ಯಾಂಪಲಿಂಗ್ ದರ 48,000 ಹರ್ಟ್ಸ್, ಸಂಕೇತ 1,000 ಹರ್ಟ್ಸ್ ಎಂದುಕೊಳ್ಳೋಣ. 1,024 ಸ್ಯಾಂಪಲ್‌ಗಳನ್ನು ಕತ್ತರಿಸಿದರೆ ಬಿನ್ ಅಂತರ 46.875 ಹರ್ಟ್ಸ್ ಆಗುತ್ತದೆ, ಆವರ್ತಗಳ ಸಂಖ್ಯೆ 21.33 ಆಗುತ್ತದೆ. ಇದು ಪೂರ್ಣಾಂಕವಲ್ಲವಾದ್ದರಿಂದ ಸೋರಿಕೆ, ಅಂದರೆ ತರಂಗದ ಶಕ್ತಿ ಬೇರೆ ಬಿನ್‌ಗಳಿಗೆ ಹರಡುವುದು, ಖಂಡಿತ. ಇಲ್ಲಿ ಎರಡು ದಾರಿಗಳಿವೆ. ಸಂಕೇತವನ್ನು ಬದಲಿಸುವ ಅಧಿಕಾರ ನಮಗಿಲ್ಲದಿದ್ದರೆ ಉದ್ದವನ್ನು ಬದಲಿಸಬೇಕು: 4,800 ಸ್ಯಾಂಪಲ್‌ಗಳನ್ನು ತೆಗೆದುಕೊಂಡರೆ ಬಿನ್ ಅಂತರ 10 ಹರ್ಟ್ಸ್ ಆಗಿ, ಸರಿಯಾಗಿ 100 ಆವರ್ತಗಳು ಬೀಳುತ್ತವೆ. ಇಂದಿನ ಎಫ್‌ಎಫ್‌ಟಿ ಗ್ರಂಥಾಲಯಗಳು 2, 3, 5ರಂತಹ ಸಣ್ಣ ಅವಿಭಾಜ್ಯಗಳಿಂದ ಭಾಗವಾಗುವ ಉದ್ದಗಳನ್ನು ಬಹಳ ವೇಗವಾಗಿ ಸಂಸ್ಕರಿಸುತ್ತವೆಯಾದ್ದರಿಂದ, 2ರ ಘಾತವೇ ಬೇಕೆಂದು ಹಟ ಹಿಡಿಯಲು ಕಾರಣವಿಲ್ಲ. ಸಂಕೇತವನ್ನು ನಾವೇ ಉತ್ಪಾದಿಸುತ್ತಿದ್ದರೆ ಉದ್ದವನ್ನು ಹಾಗೆಯೇ ಉಳಿಸಿಕೊಂಡು ಆವೃತ್ತಿಯನ್ನು ಬದಲಿಸಬಹುದು: 21 ಆವರ್ತಗಳು ಬೇಕೆಂದು ನಿಶ್ಚಯಿಸಿ 984.375 ಹರ್ಟ್ಸ್ ತರಂಗವನ್ನು ಕೊಟ್ಟರಾಯಿತು.

ಅನಲಾಗ್‌ನಿಂದ ಡಿಜಿಟಲ್‌ಗೆ ಪರಿವರ್ತಿಸುವ ಚಿಪ್‌ಗಳನ್ನು ಪರೀಕ್ಷಿಸುವವರು ಎರಡನೆಯ ದಾರಿಯನ್ನೇ ಹಿಡಿಯುತ್ತಾರೆ, ಮತ್ತು ಅವರು ಇನ್ನೊಂದು ನಿಯಮವನ್ನೂ ಸೇರಿಸುತ್ತಾರೆ. ಆವರ್ತಗಳ ಸಂಖ್ಯೆಗೂ ಸ್ಯಾಂಪಲ್‌ಗಳ ಸಂಖ್ಯೆಗೂ 1ನ್ನು ಬಿಟ್ಟು ಬೇರೆ ಸಾಮಾನ್ಯ ಭಾಜಕ ಇರಬಾರದು. ಮೇಲಿನ 4,800 ಸ್ಯಾಂಪಲ್‌ಗಳ ಉದಾಹರಣೆಯಲ್ಲಿ 100 ಆವರ್ತಗಳಿದ್ದು, ಪ್ರತಿ ಆವರ್ತಕ್ಕೂ ಅದೇ 48 ಬಿಂದುಗಳು ಮರುಕಳಿಸುತ್ತವೆ. ಆಗ ಕ್ವಾಂಟೈಸೇಷನ್ ದೋಷವೂ (ಅಳತೆಯನ್ನು ಹತ್ತಿರದ ಅಂಕಿಗೆ ದುಂಡಾಗಿಸುವ ದೋಷವೂ) ಹಾಗೆಯೇ ಮರುಕಳಿಸಿ, ಗದ್ದಲದಂತೆ ಹರಡಿಕೊಳ್ಳುವ ಬದಲು ಹಾರ್ಮೋನಿಕ್‌ಗಳ ಮೇಲೆ ಗುಡ್ಡೆಯಾಗಿ, ಇಲ್ಲದ ವಿರೂಪವನ್ನು ತೋರಿಸುತ್ತದೆ. ಉದ್ದವು 2ರ ಘಾತವಾಗಿದ್ದು ಆವರ್ತಗಳ ಸಂಖ್ಯೆ ಬೆಸವಾಗಿದ್ದರೆ ಈ ನಿಯಮ ತಾನಾಗಿಯೇ ಪಾಲನೆಯಾಗುತ್ತದೆ. 1,024ರ ಜೊತೆ 21 ಸರಿಹೊಂದುವುದು ಹೀಗೆ.

ಕ್ಲಾಕ್‌ನ ನಿಖರತೆಯನ್ನೂ ಈ ಹಂತದಲ್ಲಿಯೇ ಯೋಚಿಸಬೇಕು. ಸಂಕೇತ ಉತ್ಪಾದಕ ಮತ್ತು ಸ್ಯಾಂಪಲ್ ತೆಗೆಯುವ ಸಾಧನ ಬೇರೆ ಬೇರೆ ಕ್ಲಾಕ್‌ಗಳಲ್ಲಿ ನಡೆಯುತ್ತಿದ್ದು, ಅವುಗಳ ನಡುವೆ ದಶಲಕ್ಷಕ್ಕೆ 50 ಭಾಗದಷ್ಟು ವ್ಯತ್ಯಾಸವಿದೆ ಎಂದಿಟ್ಟುಕೊಳ್ಳಿ. 100 ಆವರ್ತಗಳ ವಿಂಡೋದಲ್ಲಿ ಆ ವ್ಯತ್ಯಾಸ 0.005 ಬಿನ್‌ಗೆ ಸಮ, ಮತ್ತು ಅಷ್ಟಕ್ಕೇ ಪಕ್ಕದ ಬಿನ್‌ನಲ್ಲಿ ಸುಮಾರು −46 ಡೆಸಿಬೆಲ್ ಸೋರಿಕೆ ಕಾಣಿಸಿಕೊಳ್ಳುತ್ತದೆ. 10 ಆವರ್ತಗಳನ್ನು ಮಾತ್ರ ತೆಗೆದುಕೊಂಡರೆ ಅದೇ ಸೋರಿಕೆ ಸುಮಾರು −66 ಡೆಸಿಬೆಲ್‌ಗೆ ಇಳಿಯುತ್ತದೆ. ವಿಂಡೋ ಉದ್ದವಾದಷ್ಟೂ ಕ್ಲಾಕ್‌ನ ದೋಷಕ್ಕೆ ಅದು ಹೆಚ್ಚು ಸೂಕ್ಷ್ಮವಾಗುತ್ತದೆ ಎಂಬುದನ್ನು ಹಲವರು ನಿರೀಕ್ಷಿಸಿರುವುದಿಲ್ಲ. ಎರಡೂ ಸಾಧನಗಳಿಗೆ ಒಂದೇ ಮೂಲ ಕ್ಲಾಕ್ ಕೊಡುವುದು ಇದಕ್ಕೆ ಸರಿಯಾದ ಪರಿಹಾರ. ತಿರುಗುವ ಯಂತ್ರಗಳ ವಿಷಯದಲ್ಲಿ ವೇಗವೇ ಸ್ಥಿರವಾಗಿರುವುದಿಲ್ಲವಾದ್ದರಿಂದ, ಸಮಾನ ಕಾಲಾಂತರದ ಬದಲು ಅಕ್ಷದ ಸಮಾನ ಕೋನಾಂತರಗಳಲ್ಲಿ ಸ್ಯಾಂಪಲ್ ತೆಗೆದು, ಪೂರ್ಣ ಸುತ್ತುಗಳನ್ನು ಕತ್ತರಿಸಿಕೊಳ್ಳುತ್ತಾರೆ.

ಹಂತ 3: ಕತ್ತರಿಸುವಾಗ ಒಂದು ಸ್ಯಾಂಪಲ್ ಕೂಡ ಹೆಚ್ಚಾಗದಿರಲಿ

ಕಾರ್ಯತಃ ಈ ಹಂತದಲ್ಲಿ ಮಾಡಬೇಕಾದದ್ದು ಸಾಲಿನಿಂದ ಎನ್ ಸ್ಯಾಂಪಲ್‌ಗಳನ್ನು ಎತ್ತಿಕೊಳ್ಳುವುದಷ್ಟೇ. ಯಾವುದರಿಂದಲೂ ಗುಣಿಸುವ ಅಗತ್ಯವಿಲ್ಲ. ವಿಂಡೋದ ಹೆಸರನ್ನು ಕೇಳುವ ತಂತ್ರಾಂಶಗಳಿದ್ದರೆ ಮ್ಯಾಟ್‌ಲ್ಯಾಬ್‌ನಲ್ಲಿ ರೆಕ್ಟ್‌ವಿನ್, ಪೈಥಾನ್‌ನ ಸೈಪೈಯಲ್ಲಿ ಬಾಕ್ಸ್‌ಕಾರ್ ಎಂಬ ಹೆಸರುಗಳಿವೆ. ಸೈಪೈಯಲ್ಲಿ ಶಕ್ತಿಯ ರೋಹಿತವನ್ನು ಲೆಕ್ಕ ಹಾಕುವ ಪೀರಿಯಡೋಗ್ರಾಂ ಕಾರ್ಯವು ಏನನ್ನೂ ಹೇಳದಿದ್ದರೆ ಬಾಕ್ಸ್‌ಕಾರ್ ಅನ್ನೂ, ವೆಲ್ಚ್ ಕಾರ್ಯವು ಏನನ್ನೂ ಹೇಳದಿದ್ದರೆ ಹ್ಯಾನ್ ಅನ್ನೂ ತೆಗೆದುಕೊಳ್ಳುತ್ತವೆ. ಇವೆರಡರ ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವಾಗ ಇದನ್ನು ಮರೆಯಬಾರದು.

ಎಚ್ಚರ ಬೇಕಾಗಿರುವುದು ಎಣಿಕೆಯಲ್ಲಿ. ಸಂಖ್ಯೆಗಳು 0ಯಿಂದ ಎನ್−1ರವರೆಗೆ ನಡೆಯಬೇಕು. ಮುಂದಿನ ಆವರ್ತದ ಮೊದಲ ಬಿಂದುವು ಈ ಸಾಲಿನಲ್ಲಿ ಸೇರಬಾರದು. ಕಾಲದ ಅಕ್ಷವನ್ನು ನಂಪೈಯ ಲಿನ್‌ಸ್ಪೇಸ್ ಕಾರ್ಯದಿಂದ ತಯಾರಿಸಿದಾಗ ಅದು ಕೊನೆಯ ಬಿಂದುವನ್ನೂ ಸೇರಿಸಿಕೊಳ್ಳುತ್ತದೆ. 0ಯಿಂದ 1 ಸೆಕೆಂಡ್‌ವರೆಗೆ 1,000 ಬಿಂದುಗಳನ್ನು ಹೀಗೆ ಕೇಳಿದರೆ ಬಿಂದುಗಳ ನಡುವಿನ ಅಂತರ ಸೆಕೆಂಡಿನ 1,000ನೇ ಒಂದು ಭಾಗವಾಗದೆ 999ನೇ ಒಂದು ಭಾಗವಾಗುತ್ತದೆ. ಅದರ ಮೇಲೆ ರಚಿಸಿದ 100 ಹರ್ಟ್ಸ್ ತರಂಗವು 1,000 ಸ್ಯಾಂಪಲ್‌ಗಳಲ್ಲಿ 100.1 ಆವರ್ತಗಳನ್ನು ಹೊಂದಿರುತ್ತದೆ, ಮತ್ತು 101ನೇ ಬಿನ್‌ನಲ್ಲಿ ಸುಮಾರು −19 ಡೆಸಿಬೆಲ್ ಸೋರಿಕೆ ಎದ್ದು ಕಾಣುತ್ತದೆ. ಒಂದೇ ಒಂದು ಹೆಚ್ಚುವರಿ ಬಿಂದುವಿನ ಪರಿಣಾಮ ಇದು. "ಪೂರ್ಣ ಆವರ್ತಗಳನ್ನೇ ಕತ್ತರಿಸಿದ್ದೇನೆ, ಆದರೂ ಸೋರುತ್ತಿದೆ" ಎಂದು ಯಾರಾದರೂ ನನ್ನನ್ನು ಕೇಳಿದಾಗ ನಾನು ಮೊದಲು ಪರೀಕ್ಷಿಸುವುದು ಇದನ್ನೇ.

ಸರಾಸರಿ ಮಟ್ಟವನ್ನು, ಅಂದರೆ ಡಿಸಿ ಅಂಶವನ್ನು, ಕಳೆಯಬೇಕೇ ಎಂಬ ಪ್ರಶ್ನೆಗೆ ಇಲ್ಲಿ ಸರಳವಾದ ಉತ್ತರವಿದೆ. ಡಿಸಿ ಎಂಬುದು 0ನೇ ಬಿನ್‌ನ ಮೇಲೆ ಸರಿಯಾಗಿ ಕುಳಿತ ಆವೃತ್ತಿಯಾದ್ದರಿಂದ ಆಯತಾಕಾರದ ವಿಂಡೋದಲ್ಲಿ ಅದು ಬೇರೆ ಬಿನ್‌ಗಳಿಗೆ ಸೋರುವುದೇ ಇಲ್ಲ. ಕಳೆದರೂ ಬಿಟ್ಟರೂ ಉಳಿದ ಬಿನ್‌ಗಳಲ್ಲಿ ವ್ಯತ್ಯಾಸವಿರುವುದಿಲ್ಲ. ಆದರೆ ಸಂಕೇತವು ನಿಧಾನವಾಗಿ ಏರುತ್ತಲೋ ಇಳಿಯುತ್ತಲೋ ಹೋಗುತ್ತಿದ್ದರೆ ಎರಡು ತುದಿಗಳು ಕೂಡುವಲ್ಲಿ ಒಂದು ಮೆಟ್ಟಿಲು ಉಂಟಾಗುತ್ತದೆ, ಅದು ಎಲ್ಲ ಬಿನ್‌ಗಳಿಗೂ ಹರಡುತ್ತದೆ. ಅಂಥ ಏರಿಳಿತವನ್ನು ಸರಳರೇಖೆಯಾಗಿ ಹೊಂದಿಸಿ ಮೊದಲೇ ಕಳೆದುಬಿಡಬೇಕು.

ಹಂತ 4: ಡಿಎಫ್‌ಟಿ ಮಾಡಿ, ಅಳತೆಗೆ ತನ್ನಿ

ಆಯತಾಕಾರದ ವಿಂಡೋದ ಕೋಹೆರೆಂಟ್ ಗೇನ್, ಅಂದರೆ ಅದರ ಬೆಲೆಗಳ ಸರಾಸರಿ, 1 ಆಗಿರುವುದರಿಂದ ತಿದ್ದುಪಡಿಯ ಗುಣಕಗಳು ಬೇಕಾಗುವುದಿಲ್ಲ. ಸೈನ್ ತರಂಗದ ಪಾರ, ಅಂದರೆ ಆಂಪ್ಲಿಟ್ಯೂಡ್, ಬೇಕಿದ್ದರೆ ಬಿನ್‌ನ ಪರಿಮಾಣವನ್ನು 2ರಿಂದ ಗುಣಿಸಿ ಎನ್‌ನಿಂದ ಭಾಗಿಸಿದರೆ ಸಾಕು. 0ನೇ ಬಿನ್‌ಗೂ ಸ್ಯಾಂಪಲಿಂಗ್ ದರದ ಅರ್ಧದಲ್ಲಿರುವ ಬಿನ್‌ಗೂ ಮಾತ್ರ 2ರ ಗುಣಾಕಾರ ಬೇಡ. ಶಕ್ತಿ ಸಾಂದ್ರತೆ ಬೇಕಿದ್ದರೆ ಪರಿಮಾಣದ ವರ್ಗವನ್ನು 2ರಿಂದ ಗುಣಿಸಿ, ಸ್ಯಾಂಪಲಿಂಗ್ ದರ ಮತ್ತು ಎನ್ ಇವುಗಳ ಗುಣಲಬ್ಧದಿಂದ ಭಾಗಿಸಬೇಕು.

ಸೊನ್ನೆಗಳನ್ನು ಸೇರಿಸಿ ಉದ್ದವನ್ನು ಹಿಗ್ಗಿಸುವ ಅಭ್ಯಾಸದ ಬಗ್ಗೆ ಒಂದು ಮಾತು ಹೇಳಲೇಬೇಕು. 1,000 ಸ್ಯಾಂಪಲ್‌ಗಳಿಗೆ 7,000 ಸೊನ್ನೆಗಳನ್ನು ಸೇರಿಸಿ 8,000 ಬಿಂದುಗಳ ಎಫ್‌ಎಫ್‌ಟಿ ಮಾಡಿದರೆ ಡಿರಿಕ್ಲೆ ಕರ್ನಲ್‌ನ ಮೇಲಿನ ಬಿಂದುಗಳು ದಟ್ಟವಾಗುತ್ತವೆಯೇ ಹೊರತು ಮುಖ್ಯ ಲೋಬ್ ತೆಳುವಾಗುವುದಿಲ್ಲ. ಪ್ರತ್ಯೇಕಿಸುವ ಶಕ್ತಿಯನ್ನು ನಿರ್ಧರಿಸುವುದು ದಾಖಲಿಸಿದ ಕಾಲ ಮಾತ್ರ. ಜೊತೆಗೆ, ಪೂರ್ಣ ಆವರ್ತಗಳ ದಾಖಲೆಗೆ ಸೊನ್ನೆಗಳನ್ನು ಸೇರಿಸಿದ ಕೂಡಲೇ ಸೊನ್ನೆಯ ಬಿಂದುಗಳ ನಡುವೆ ಅಡಗಿದ್ದ ಪಕ್ಕದ ಲೋಬ್‌ಗಳು ಕಾಣಿಸಿಕೊಂಡು, ಹೊಸದಾಗಿ ಸೋರಿಕೆ ಹುಟ್ಟಿತೆಂಬ ಭ್ರಮೆ ಬರುತ್ತದೆ. ಅವು ಮೊದಲಿನಿಂದಲೂ ಅಲ್ಲಿದ್ದವು.

ಉದ್ದನೆಯ ದಾಖಲೆಯನ್ನು ತುಂಡುಗಳಾಗಿ ಮಾಡಿ ಶಕ್ತಿಯ ಸರಾಸರಿ ತೆಗೆಯುವುದಿದ್ದರೆ, ಆಯತಾಕಾರದ ವಿಂಡೋದೊಂದಿಗೆ ತುಂಡುಗಳನ್ನು ಒಂದರ ಮೇಲೊಂದು ಹೊದಿಸದೆ ಸಾಲಾಗಿ ಇಡುವುದು ಕ್ರಮ. ಇದನ್ನು ಬಾರ್ಟ್ಲೆಟ್ ವಿಧಾನ ಎನ್ನುತ್ತಾರೆ. ಹ್ಯಾನ್ ವಿಂಡೋದಲ್ಲಿ ಅರ್ಧದಷ್ಟು ಹೊದಿಸುವುದು ತುದಿಗಳಲ್ಲಿ ಕುಗ್ಗಿಹೋದ ಸ್ಯಾಂಪಲ್‌ಗಳನ್ನು ಮರಳಿ ಪಡೆಯುವುದಕ್ಕಾಗಿ. ಇಲ್ಲಿ ಯಾವುದೂ ಕುಗ್ಗಿಲ್ಲವಾದ್ದರಿಂದ ಅದರಿಂದ ಸಿಗುವ ಲಾಭ ಅಲ್ಪ.

ಹಂತ 5: ಸೋರಿಕೆಯಿದ್ದರೆ ಅದನ್ನೇ ಓದಿ ತಿದ್ದಿ

ಆವೃತ್ತಿಯು ಎರಡು ಬಿನ್‌ಗಳ ನಡುವೆ ಬಿದ್ದಾಗ ಎರಡು ಕೆಡುಕುಗಳು ಒಟ್ಟಿಗೇ ಆಗುತ್ತವೆ: ಶಿಖರ ಕುಗ್ಗುತ್ತದೆ, ಉಳಿದ ಬಿನ್‌ಗಳಿಗೆ ಶಕ್ತಿ ಹರಡುತ್ತದೆ. ಸರಿಯಾಗಿ ಅರ್ಧ ಬಿನ್‌ನಲ್ಲಿ ಬಿದ್ದರೆ ಶಿಖರದ ಓದು ನಿಜವಾದ ಪಾರದ 0.637ರಷ್ಟು ಮಾತ್ರ, ಅಂದರೆ 3.92 ಡೆಸಿಬೆಲ್ ಕಡಿಮೆ. ಹ್ಯಾನ್ ವಿಂಡೋದಲ್ಲಿ ಈ ನಷ್ಟ 1.42 ಡೆಸಿಬೆಲ್.

ಸಂಕೇತದಲ್ಲಿ ಒಂದೇ ಪ್ರಬಲ ತರಂಗವಿದ್ದು ಗದ್ದಲ ಕಡಿಮೆಯಿದ್ದರೆ ಆ ನಷ್ಟವನ್ನು ಪೂರ್ತಿಯಾಗಿ ಸರಿಪಡಿಸಬಹುದು, ಏಕೆಂದರೆ ಡಿರಿಕ್ಲೆ ಕರ್ನಲ್‌ನ ಆಕಾರ ನಮಗೆ ಖಚಿತವಾಗಿ ಗೊತ್ತಿದೆ. ಅತಿ ಎತ್ತರದ ಬಿನ್ ಮತ್ತು ಅದರ ಅಕ್ಕಪಕ್ಕದಲ್ಲಿ ಹೆಚ್ಚು ಎತ್ತರವಿರುವ ಬಿನ್ ಎರಡನ್ನೂ ತೆಗೆದುಕೊಳ್ಳಿ. ಎರಡನೆಯದರ ಪರಿಮಾಣವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಬರುವ ಭಿನ್ನರಾಶಿಯೇ ತರಂಗವು ಮೊದಲ ಬಿನ್‌ನಿಂದ ಎರಡನೆಯದರ ಕಡೆಗೆ ಸರಿದಿರುವ ದೂರ. ಉದಾಹರಣೆಗೆ ಓದುಗಳು 0.8584 ಮತ್ತು 0.3679 ಆಗಿದ್ದರೆ ಅವುಗಳ ಮೊತ್ತ 1.2263, ಭಾಗಲಬ್ಧ 0.30, ಬಿನ್ ಅಂತರ 10 ಹರ್ಟ್ಸ್ ಆಗಿದ್ದು ಎರಡನೆಯದು ಮೇಲಿನ ಬಿನ್ ಆಗಿದ್ದರೆ ನಿಜವಾದ ಆವೃತ್ತಿಯು ಮೊದಲ ಬಿನ್‌ಗಿಂತ 3 ಹರ್ಟ್ಸ್ ಮೇಲಿದೆ. ಈಗ 0.30ನ್ನು ಪೈಯಿಂದ ಗುಣಿಸಿದರೆ 0.9425 ರೇಡಿಯನ್, ಅದನ್ನು ಅದರದೇ ಸೈನ್ ಬೆಲೆಯಾದ 0.8090ರಿಂದ ಭಾಗಿಸಿ, ಬರುವ 1.165ನ್ನು 0.8584ರಿಂದ ಗುಣಿಸಿದರೆ ಪಾರ 1.000 ಎಂದು ಸಿಗುತ್ತದೆ. ಎರಡು ಓದುಗಳಿಂದ ಆವೃತ್ತಿ ಮತ್ತು ಪಾರ ಎರಡನ್ನೂ ಹೀಗೆ ಮರಳಿ ಪಡೆಯಲು ಆಗುವುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಇನ್ನೊಂದು ಅನುಕೂಲವನ್ನು ತಿಳಿದಿರುವುದು ಒಳ್ಳೆಯದು. ಆಯತಾಕಾರದ ವಿಂಡೋದಿಂದ ಪಡೆದ ಡಿಎಫ್‌ಟಿ ಕೈಯಲ್ಲಿದ್ದರೆ ಹ್ಯಾನ್ ವಿಂಡೋದ ಫಲಿತಾಂಶವನ್ನು ಪಡೆಯಲು ಸಂಕೇತಕ್ಕೆ ಹಿಂದಿರುಗಬೇಕಿಲ್ಲ. ಪ್ರತಿ ಬಿನ್‌ನ ಸಮ್ಮಿಶ್ರ ಬೆಲೆಯ ಅರ್ಧದಿಂದ, ಅದರ ಎಡಬಲದ ಬಿನ್‌ಗಳ ಸಮ್ಮಿಶ್ರ ಬೆಲೆಗಳ ಮೊತ್ತದ ಕಾಲು ಭಾಗವನ್ನು ಕಳೆದರೆ ಅದೇ ಹ್ಯಾನ್ ಫಲಿತಾಂಶ. ಆದ್ದರಿಂದ ಮೊದಲು ಆಯತಾಕಾರದ ವಿಂಡೋದಿಂದ ಆರಂಭಿಸುವುದರಲ್ಲಿ ಯಾವ ಮಾಹಿತಿಯೂ ಕಳೆದುಹೋಗುವುದಿಲ್ಲ.

ಸೋಲುವ ಸಂದರ್ಭದ ಲೆಕ್ಕ

ಸ್ಯಾಂಪಲಿಂಗ್ ದರ 1,000 ಹರ್ಟ್ಸ್, 1,000 ಸ್ಯಾಂಪಲ್‌ಗಳು, ಬಿನ್ ಅಂತರ 1 ಹರ್ಟ್ಸ್. ಸಂಕೇತದಲ್ಲಿ 100.5 ಹರ್ಟ್ಸ್‌ನ, ಪಾರ 1 ಇರುವ ತರಂಗವೊಂದಿದೆ. ಅದರೊಡನೆ 120 ಹರ್ಟ್ಸ್‌ನ, ಪಾರ 0.01 ಇರುವ ಸಣ್ಣ ತರಂಗವೊಂದಿದೆ. ದೊಡ್ಡದರ ಸೋರಿಕೆ 19.5 ಬಿನ್ ದೂರದಲ್ಲಿ 1ನ್ನು ಪೈ ಮತ್ತು 19.5ರ ಗುಣಲಬ್ಧದಿಂದ ಭಾಗಿಸಿದಷ್ಟು, ಅಂದರೆ 0.0163, ಅಥವಾ ಸುಮಾರು −36 ಡೆಸಿಬೆಲ್. ಸಣ್ಣ ತರಂಗ −40 ಡೆಸಿಬೆಲ್‌ನಲ್ಲಿದೆ. ಅದು ಸೋರಿಕೆಯಲ್ಲಿ ಮುಳುಗಿಹೋಯಿತು. ಹ್ಯಾನ್ ವಿಂಡೋ ಹಾಕಿದರೆ ಅದೇ ಜಾಗದಲ್ಲಿ ಸೋರಿಕೆ ಸುಮಾರು −87 ಡೆಸಿಬೆಲ್‌ಗೆ ಇಳಿದು, ಸಣ್ಣ ತರಂಗವು ಸ್ಪಷ್ಟವಾಗಿ ಎದ್ದು ನಿಲ್ಲುತ್ತದೆ. ದೊಡ್ಡ ತರಂಗ 100.5ರ ಬದಲು ಸರಿಯಾಗಿ 100 ಹರ್ಟ್ಸ್‌ನಲ್ಲಿದ್ದಿದ್ದರೆ ಆಯತಾಕಾರದ ವಿಂಡೋದಲ್ಲಿಯೂ ಯಾವ ತೊಂದರೆಯೂ ಇರುತ್ತಿರಲಿಲ್ಲ. ವಿಂಡೋ ಒಂದೇ, ಉದ್ದ ಒಂದೇ. ಅರ್ಧ ಹರ್ಟ್ಸ್‌ನ ಅಂತರವೇ ಗೆಲುವನ್ನು ಸೋಲಾಗಿಸಿತು.

ಎದುರು ಬದಿಯ ಉದಾಹರಣೆಯೂ ಇದೆ. ಸಮಾನ ಪಾರದ ಎರಡು ತರಂಗಗಳು ಒಂದೂವರೆ ಬಿನ್ ದೂರದಲ್ಲಿದ್ದರೆ ಹ್ಯಾನ್ ವಿಂಡೋ ಅವುಗಳನ್ನು ಒಂದೇ ದಿಬ್ಬವಾಗಿ ತೋರಿಸಿಬಿಡುತ್ತದೆ, ಏಕೆಂದರೆ 6 ಡೆಸಿಬೆಲ್ ಇಳಿಯುವಲ್ಲಿ ಅದರ ಅಗಲ 2.00 ಬಿನ್. 1.21 ಬಿನ್ ಅಗಲದ ಆಯತಾಕಾರದ ವಿಂಡೋಗೆ ಅವುಗಳನ್ನು ಬೇರ್ಪಡಿಸುವ ಸಾಧ್ಯತೆ ಉಳಿದಿರುತ್ತದೆ. ಅಂತರವನ್ನು ಸ್ಪಷ್ಟವಾಗಿ ನೋಡಲು ಸೊನ್ನೆಗಳನ್ನು ಸೇರಿಸುವುದು ಉಪಯುಕ್ತವಾಗುವುದು ಇಂಥ ಕಡೆ.

ಎಫ್‌ಐಆರ್ ಫಿಲ್ಟರ್ ವಿನ್ಯಾಸದಲ್ಲಿ

ಎಫ್‌ಐಆರ್ ಎಂದರೆ ಮಿತ ಸಂಖ್ಯೆಯ ಗುಣಾಂಕಗಳಿಂದ ಕೆಲಸ ಮಾಡುವ ಫಿಲ್ಟರ್. ಕಡಿಮೆ ಆವೃತ್ತಿಗಳನ್ನಷ್ಟೇ ಹಾಯಿಸುವ ಆದರ್ಶ ಲೋ-ಪಾಸ್ ಫಿಲ್ಟರ್‌ನ ಇಂಪಲ್ಸ್ ಪ್ರತಿಕ್ರಿಯೆ (ಒಂದೇ ಒಂದು ಬಡಿತಕ್ಕೆ ಅದು ಕೊಡುವ ಉತ್ತರ) ಎರಡೂ ದಿಕ್ಕಿಗೆ ಅನಂತವಾಗಿ ಚಾಚಿರುತ್ತದೆ; ಅದನ್ನು ನಡುವಿನಿಂದ ಎನ್ ಗುಣಾಂಕಗಳಿಗೆ ಕತ್ತರಿಸುವುದೂ ಆಯತಾಕಾರದ ವಿಂಡೋವೇ. ಕತ್ತರಿಸಿದ ಸಾಲನ್ನು ಎನ್−1ರ ಅರ್ಧದಷ್ಟು ಸ್ಯಾಂಪಲ್ ಮುಂದಕ್ಕೆ ಸರಿಸಿದರೆ ಬಳಸಲು ಸಿದ್ಧವಾದ ಫಿಲ್ಟರ್ ದೊರೆಯುತ್ತದೆ. 101 ಗುಣಾಂಕಗಳಿದ್ದರೆ ವಿಳಂಬ 50 ಸ್ಯಾಂಪಲ್. ಆವೃತ್ತಿ ಪ್ರತಿಕ್ರಿಯೆಯು ಪಾಸ್‌ಬ್ಯಾಂಡ್‌ನಿಂದ (ಹಾಯಿಸುವ ಆವೃತ್ತಿಗಳಿಂದ) ಸ್ಟಾಪ್‌ಬ್ಯಾಂಡ್‌ಗೆ (ತಡೆಯುವ ಆವೃತ್ತಿಗಳಿಗೆ) ಇಳಿಯುವ ಪಟ್ಟಿಯ ಅಗಲ ಸುಮಾರು 0.9 ಬಿನ್. 48,000 ಹರ್ಟ್ಸ್ ದರದಲ್ಲಿ 101 ಗುಣಾಂಕಗಳಿಗೆ ಇದು 428 ಹರ್ಟ್ಸ್, 1,001 ಗುಣಾಂಕಗಳಿಗೆ 43 ಹರ್ಟ್ಸ್.

ಆದರೆ ಸ್ಟಾಪ್‌ಬ್ಯಾಂಡ್‌ನ ತಡೆ ಎರಡರಲ್ಲಿಯೂ ಸುಮಾರು 21 ಡೆಸಿಬೆಲ್ ಅಷ್ಟೇ. ಗುಣಾಂಕಗಳನ್ನು ಎಷ್ಟು ಹೆಚ್ಚಿಸಿದರೂ ಅಂಚಿನ ಏರಿಳಿತ ಅಂಚಿಗೆ ಹತ್ತಿರವಾಗುತ್ತದೆಯೇ ಹೊರತು ತಗ್ಗುವುದಿಲ್ಲ. 1848ರಲ್ಲಿ ವಿಲ್‌ಬ್ರಹಾಂ ಗುರುತಿಸಿ, 1899ರಲ್ಲಿ ಗಿಬ್ಸ್ ಮತ್ತೆ ವಿವರಿಸಿದ ಈ ವಿದ್ಯಮಾನದಲ್ಲಿ, ಜಿಗಿತದ ಬಳಿ ಜಿಗಿತದ ಎತ್ತರದ ಸುಮಾರು 9 ಪ್ರತಿಶತದಷ್ಟು ಮೀರಿಕೆ ಉಳಿದೇ ಉಳಿಯುತ್ತದೆ. ಸರಾಸರಿ ವರ್ಗ ದೋಷದ ದೃಷ್ಟಿಯಿಂದ ಈ ಕತ್ತರಿಸುವಿಕೆಯೇ ಅತ್ಯುತ್ತಮವೆಂಬುದು ಗಣಿತದ ಸತ್ಯ. ಆದರೂ 21 ಡೆಸಿಬೆಲ್ ಸಾಕಾಗುವ ಫಿಲ್ಟರ್‌ಗಳು ಅಪರೂಪ. ಇಲ್ಲಿ ನಾನು ತುದಿಗಳ ಕಡೆಗೆ ಇಳಿಯುವ ಹ್ಯಾಮಿಂಗ್ ಅಥವಾ ಕೈಸರ್ ವಿಂಡೋವನ್ನೇ ಬಳಸಲು ಹೇಳುತ್ತೇನೆ.

ಚಲಿಸುವ ಸರಾಸರಿ ಮಾತ್ರ ಇದಕ್ಕೆ ಹೊರತು. ಕೊನೆಯ ಎನ್ ಸ್ಯಾಂಪಲ್‌ಗಳ ಸರಾಸರಿ ಎಂದರೆ ಆಯತಾಕಾರದ ವಿಂಡೋವನ್ನೇ ಫಿಲ್ಟರ್‌ನ ಗುಣಾಂಕಗಳಾಗಿ ಬಳಸಿದಂತೆ, ಮತ್ತು ಅದರ ಸೊನ್ನೆಗಳು ಇಲ್ಲಿ ಮತ್ತೆ ನೆರವಿಗೆ ಬರುತ್ತವೆ. 1,000 ಹರ್ಟ್ಸ್ ದರದಲ್ಲಿ 20 ಸ್ಯಾಂಪಲ್‌ಗಳ ಸರಾಸರಿ ತೆಗೆದರೆ 50, 100, 150 ಹರ್ಟ್ಸ್‌ಗಳಲ್ಲಿ ಸೊನ್ನೆಗಳು ಬಿದ್ದು, 50 ಹರ್ಟ್ಸ್ ವಿದ್ಯುತ್ ಜಾಲದ ಗುಂಯ್‌ಗುಡುವಿಕೆ ಹಾರ್ಮೋನಿಕ್‌ಗಳ ಸಮೇತ ಮಾಯವಾಗುತ್ತದೆ. 100 ಮಿಲಿಸೆಕೆಂಡ್‌ನ ಸರಾಸರಿಯಲ್ಲಿ 50 ಹರ್ಟ್ಸ್‌ನ 5 ಆವರ್ತಗಳೂ 60 ಹರ್ಟ್ಸ್‌ನ 6 ಆವರ್ತಗಳೂ ಪೂರ್ಣವಾಗಿ ಸೇರುವುದರಿಂದ ಎರಡೂ ಒಟ್ಟಿಗೇ ಅಳಿಯುತ್ತವೆ. ಹೊಸ ಸ್ಯಾಂಪಲ್ ಕೂಡಿಸಿ ಹಳೆಯದನ್ನು ಕಳೆಯುವ ಮೂಲಕ ಇದನ್ನು ಎರಡೇ ಕ್ರಿಯೆಗಳಲ್ಲಿ ಮಾಡಬಹುದು. ದಶಮಾಂಶ ಸಂಖ್ಯೆಗಳಲ್ಲಿ ದುಂಡಾಗಿಸುವ ದೋಷ ಕ್ರಮೇಣ ಕೂಡುತ್ತ ಹೋಗುವುದರಿಂದ ಆ ಮೊತ್ತವನ್ನು ಪೂರ್ಣಾಂಕಗಳಲ್ಲಿ ಇಟ್ಟುಕೊಳ್ಳಬೇಕು.

ಹಂತ 6: ಕೆಲಸ ಸರಿಯಾಗಿದೆಯೇ ಎಂದು ಪರೀಕ್ಷಿಸಿ

ನಿಜವಾದ ಸಂಕೇತವನ್ನು ಕೊಡುವ ಮೊದಲು ಪಾರ 1 ಇರುವ ಕೃತಕ ಸೈನ್ ತರಂಗವೊಂದನ್ನು ಬಿನ್‌ನ ಮೇಲೆ ಕೂರಿಸಿ ನೋಡಿ. ಆ ಬಿನ್‌ನಲ್ಲಿ 1.000 ಬಂದು, ಉಳಿದ ಬಿನ್‌ಗಳು ಗಣಕದ ದುಂಡಾಗಿಸುವ ದೋಷದ ಮಟ್ಟಕ್ಕೆ, ಅಂದರೆ ಡಬಲ್ ಪ್ರಿಸಿಷನ್‌ನಲ್ಲಿ ಸುಮಾರು −300 ಡೆಸಿಬೆಲ್ ಆಸುಪಾಸಿಗೆ, ಇಳಿದಿರಬೇಕು. −20 ಅಥವಾ −40 ಡೆಸಿಬೆಲ್‌ನ ಪಾವಟಿಗೆಗಳು ಕಂಡರೆ ಎಣಿಕೆಯಲ್ಲಿ ತಪ್ಪಿದೆ. ನಂತರ ಅದೇ ತರಂಗವನ್ನು ಅರ್ಧ ಬಿನ್ ಸರಿಸಿ. ಎರಡು ನೆರೆಯ ಬಿನ್‌ಗಳಲ್ಲಿ ಸುಮಾರು 0.637 ಬರಬೇಕು.

ನಿಜವಾದ ಸಂಕೇತಕ್ಕೆ ಬೇರೊಂದು ಪರೀಕ್ಷೆ ಇದೆ. ವಿಂಡೋದ ಆರಂಭವನ್ನು ಕೆಲವು ಸ್ಯಾಂಪಲ್‌ಗಳಷ್ಟು ಮುಂದಕ್ಕೆ ಜರುಗಿಸಿ ಮತ್ತೆ ಡಿಎಫ್‌ಟಿ ಮಾಡಿ. ಪೂರ್ಣ ಆವರ್ತಗಳನ್ನು ಕತ್ತರಿಸಿದ್ದರೆ ಬಿನ್‌ಗಳ ಫೇಸ್ (ತರಂಗದ ಆರಂಭದ ಕೋನ) ಮಾತ್ರ ಬದಲಾಗುತ್ತದೆ, ಪರಿಮಾಣಗಳು ಹಾಗೆಯೇ ನಿಲ್ಲುತ್ತವೆ. ಪರಿಮಾಣಗಳು ತುಯ್ದಾಡುತ್ತಿದ್ದರೆ ಉದ್ದ ಹೊಂದಿಲ್ಲ, ಇಲ್ಲವೇ ಸಂಕೇತವೇ ಸ್ಥಿರವಾಗಿಲ್ಲ ಎಂದರ್ಥ. ಆಗ ಹಂತ 2ಕ್ಕೆ ಮರಳಿ ಉದ್ದವನ್ನು ಹೊಸದಾಗಿ ಲೆಕ್ಕ ಹಾಕಬೇಕು, ಅಥವಾ ಹ್ಯಾನ್ ವಿಂಡೋಗೆ ಬದಲಾಗಬೇಕು. ಫಲಿತಾಂಶವನ್ನು ದಾಖಲಿಸುವಾಗ ಸ್ಯಾಂಪಲಿಂಗ್ ದರ, ಸ್ಯಾಂಪಲ್‌ಗಳ ಸಂಖ್ಯೆ, ವಿಂಡೋದೊಳಗಿನ ಆವರ್ತಗಳ ಸಂಖ್ಯೆ ಮತ್ತು ಬಳಸಿದ ಅಳತೆಯ ಸೂತ್ರ, ಈ ನಾಲ್ಕನ್ನೂ ಜೊತೆಗೇ ಬರೆದಿಡಿ, ಮತ್ತು ವಿಂಡೋದ ಹೆಸರಿನ ಜಾಗದಲ್ಲಿ "ಇಲ್ಲ" ಎಂದು ಬರೆಯದೆ "ಆಯತಾಕಾರ" ಎಂದೇ ಬರೆಯಿರಿ.